ಅಲಸಂಡೆಯ ಹಳೆಯ ಬೀಜ: ಊರಿಗೊಂದು ಬೀಜದ ಪೆಟ್ಟಿಗೆ ಬೇಕು

ಗಡಿನಾಡಿನ ಒಕ್ಕಲು ಬಂಧುಗಳಿಗೆ ಅಲಸಂಡೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಸುಗ್ಗಿಯ ಪೈರು ಕೊಯ್ದ ಗದ್ದೆಯಲ್ಲಿ ಪಸೆ ಆರುವ ಮೊದಲೇ ಸಾಲು ತೆಗೆದು ಬೀಜ ಊರಿದರೆ ಸಾಕು. ಎಳೆಯ ಕೋಡು ಪಲ್ಯಕ್ಕಾಯಿತು, ಬಲಿತ ಕಾಳು ಸಾರಿಗಾಯಿತು, ಬಳ್ಳಿ ದನಗಳಿಗಾಯಿತು, ಬೇರು ಮುಂದಿನ ಏಣಿಲಿಗೆ ಗೊಬ್ಬರವಾಯಿತು. ಇಷ್ಟೆಲ್ಲ ಕೊಡುವ ಬೆಳೆಯನ್ನು ನಾವು ಬೆಳೆಯೆಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ. ಅಡಕೆ, ತೆಂಗು, ಭತ್ತ ಇವು ನಮಗೆ ಬೆಳೆ. ಅಲಸಂಡೆಯೋ, ಮನೆಯ ಹೆಂಗಸರ ಕೈಕೆಲಸ, ಅಂಗಳದ ಬದಿಯ ಚಪ್ಪರದ ಸಂಗತಿ. ಆದ್ದರಿಂದಲೇ ಅದರ ಹಳೆಯ ತಳಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದರೂ ಯಾರೂ ಅದನ್ನೊಂದು ನಷ್ಟವೆಂದು ಎಣಿಸಿದಂತೆ ಕಾಣುವುದಿಲ್ಲ. ಈ ವಿಷಯವಾಗಿ ನಾಲ್ಕು ಮಾತು ಹೇಳುವುದು ಯೋಗ್ಯವೆಂದು ನಮಗೆ ತೋರಿದೆ.

ಗಡಿ ದಾಟಿದಂತೆಲ್ಲ ಈ ಕಾಳಿಗೆ ಹೆಸರು ಬದಲಾಗುತ್ತದೆ. ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ಕನ್ನಡದಲ್ಲಿ ಅಲಸಂಡೆ, ತುಳುವಿನಲ್ಲಿ ಲತ್ತಣೆ. ಪೇಟೆಯ ಮಲೆಯಾಳದಲ್ಲಿ ಪಯರು. ಸೊಲ್ಲಾಪುರ, ಅಕ್ಕಲಕೋಟೆಯ ಸಂತೆಯಲ್ಲಿ ಚವಳಿ ಎಂದು ಕೇಳಬೇಕು. ಆದವಾನಿಯ ಕಡೆ ಅಲಸಂದಿ ಎಂದರೂ ನಡೆಯುತ್ತದೆ, ತೆಲುಗಿನ ಬೊಬ್ಬರ್ಲು ಎಂದರೂ ನಡೆಯುತ್ತದೆ. ಹೊಸೂರಿನ ಅಂಗಡಿಯವನು ಕಾರಾಮಣಿ ಎನ್ನುತ್ತಾನೆ. ಹೆಸರು ಹಲವಾದರೂ ಕುಲ ಒಂದೇ. ಇದರ ತವರು ಆಫ್ರಿಕ ಖಂಡ. ನಮ್ಮ ದೇಶಕ್ಕೆ ಬಂದು ಮೂರು ಸಾವಿರ ವರ್ಷಗಳಿಗೂ ಮೇಲಾಯಿತೆಂದು ತಿಳಿದವರು ಹೇಳುತ್ತಾರೆ. ಚಪ್ಪರಕ್ಕೆ ಹಬ್ಬುವ ಮೊಳದುದ್ದ ಕೋಡಿನ ಜಾತಿ ಮಾತ್ರ ಆಫ್ರಿಕದಲ್ಲಿ ಆದುದಲ್ಲ. ಕಾಳಿಗಾಗಿ ಬಂದ ಬೆಳೆಯನ್ನು ಕೋಡಿಗಾಗಿ ಆರಿಸಿ ಆರಿಸಿ ಏಷ್ಯದ ರೈತರು ತಮ್ಮ ಕೈಯಿಂದಲೇ ಮಾಡಿಕೊಂಡದ್ದು. ನಾವು ತಳಿ ಎನ್ನುವುದು ಹೀಗೆ ಆರಿಸಿದ ಕೈಗಳ ಫಲ.

ಹಳೆಯ ಮನೆಗಳಲ್ಲಿ ಎಷ್ಟು ಬಗೆಯ ಅಲಸಂಡೆಯಿತ್ತೆಂಬುದನ್ನು ಅರುವತ್ತು ದಾಟಿದ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಬಿಳಿ ಕೋಡಿನದು, ಕಡು ಹಸಿರಿನದು, ತುದಿಗೆ ಮಾತ್ರ ಕೆಂಪು ಹತ್ತಿದ್ದು, ಪೂರ್ತಿ ನೇರಳೆಯಾದದ್ದು. ಕಾಳಿನಲ್ಲಿಯೂ ಕೆಂಪು, ಕಪ್ಪು, ಬಿಳಿ, ಅರ್ಧ ಬಿಳಿ ಅರ್ಧ ಕಂದು. ಒಂದು ಮಳೆಗಾಲದ ಚಪ್ಪರಕ್ಕೆ ಹೇಳಿದ್ದು. ಇನ್ನೊಂದು ಗದ್ದೆಯಲ್ಲಿ ಕೋಲಿಲ್ಲದೆ ನಿಲ್ಲುವ ಗಿಡ್ಡ ಜಾತಿ. ಒಂದರ ಕೋಡು ಎರಡು ದಿನ ಕೊಯ್ಯದೆ ಬಿಟ್ಟರೂ ನಾರಾಗುವುದಿಲ್ಲ; ಇನ್ನೊಂದರ ರುಚಿ ಹೆಚ್ಚು, ಆದರೆ ಹೇನು ಬೇಗ ಹತ್ತುತ್ತದೆ. ಮತ್ತೊಂದು ಹಗಲು ಕಿರಿದಾಗುವ ಕಾಲ ಬರುವ ತನಕ ಹೂ ಬಿಡುವುದೇ ಇಲ್ಲ. ಕಾಲ ತಪ್ಪಿ ಊರಿದರೆ ಬರಿಯ ಎಲೆ. ಈ ತಿಳಿವಳಿಕೆ ಬೀಜದೊಂದಿಗೇ ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ ಹೋಗುತ್ತಿತ್ತು. ಮದುವೆಯಾದ ಮಗಳು ಮೊದಲ ಆಟಿ ಕಳೆದು ಹಿಂದಿರುಗುವಾಗ ಸೆರಗಿನ ತುದಿಯಲ್ಲಿ ಎರಡು ಮುಷ್ಟಿ ಬೀಜ ಕಟ್ಟಿಕೊಂಡು ಹೋಗುವುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ.

ನಮಗೆ ತಿಳಿದ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಆ ಮನೆಯಲ್ಲಿ ಗೇಣುದ್ದದ, ದಪ್ಪ ತಿರುಳಿನ, ತುದಿ ಕೆಂಪಾದ ಅಲಸಂಡೆಯೊಂದಿತ್ತು. ಬೀಜದ ಕೋಡುಗಳನ್ನು ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿ ತೂಗಹಾಕುತ್ತಿದ್ದರು; ಹೊಗೆ ಹತ್ತಿ ಕಪ್ಪಾದರೂ ಒಂದು ಕಾಳೂ ಕೆಡುತ್ತಿರಲಿಲ್ಲ. ಅಡಿಗೆಮನೆಗೆ ಗ್ಯಾಸು ಬಂದು ಒಲೆ ಹೋಯಿತು, ಅಟ್ಟ ಬರಿದಾಯಿತು. ಅಜ್ಜಿ ತೀರಿಕೊಂಡ ವರ್ಷ ಬೀಜವನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟರು. ಆಟಿ ಕಳೆದು ಮುಚ್ಚಳ ತೆಗೆದಾಗ ಕಾಳಿಗೊಂದು ತೂತು, ಅಡಿಯಲ್ಲಿ ಹಿಟ್ಟು. ನೆರೆಕರೆಯಲ್ಲಿ ಕೇಳಿದರೆ ಯಾರಲ್ಲಿಯೂ ಇಲ್ಲ. ಎಲ್ಲರೂ ಬೇಕಾದಾಗ ಅಜ್ಜಿಯಲ್ಲಿಂದಲೇ ಒಯ್ಯುತ್ತಿದ್ದವರು. ಅಲ್ಲಿಗೆ ಆ ತಳಿಯ ಕಥೆ ಮುಗಿಯಿತು. ಊರಿಗೆಲ್ಲ ಒಂದೇ ಅಟ್ಟದಲ್ಲಿ ಬೀಜವಿದ್ದರೆ ಇದೇ ಗತಿ.

ಪೇಟೆಯಲ್ಲಿ ಬೀಜ ಸಿಗುವುದಿಲ್ಲವೇ, ಕೃಷಿಭವನದಲ್ಲಿ ಪೊಟ್ಟಣ ಕೊಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಕೊಡುತ್ತಾರೆ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಆ ಒಳ್ಳೆಯ ತಳಿಗಳು ಎಲ್ಲಿಂದ ಬಂದುವೆಂದು ನೋಡಬೇಕು. ಕೋಡಿಗೂ ಕಾಳಿಗೂ ಆಗುವ ‘ಕನಕಮಣಿ’ ಎಂಬ ಹೆಸರಾದ ತಳಿಯನ್ನು ಪಟ್ಟಾಂಬಿಯ ಸಂಶೋಧನಾ ಕೇಂದ್ರದವರು ಕುನ್ನಂಕುಳಂ ಎಂಬ ಊರಿನ ನಾಡಜಾತಿಯಿಂದ ಆರಿಸಿ ತೆಗೆದರು. ಎಂದರೆ ವಿಜ್ಞಾನಿಗಳ ಮೂಲಧನವೂ ಯಾವುದೋ ಹಳ್ಳಿಯ ಚಪ್ಪರದ ಬೀಜವೇ. ಕುನ್ನಂಕುಳದವರು ಉಳಿಸಿಕೊಂಡಿದ್ದರು, ಆದ್ದರಿಂದ ಅವರ ಬೀಜ ರಾಜ್ಯಕ್ಕೆಲ್ಲ ಹಬ್ಬಿತು. ಪೈವಳಿಕೆಯದೋ ದೇಲಂಪಾಡಿಯದೋ ಬೀಜ ಹಾಗೆ ಹಬ್ಬಬೇಕಾದರೆ ಮೊದಲು ಅದು ಇರಬೇಕಷ್ಟೆ.

ಪರದೇಶದ ಎರಡು ಉದಾಹರಣೆಗಳನ್ನೂ ಇಲ್ಲಿ ಹೇಳಬೇಕು. ನೈಜೀರಿಯದ ಇಬಾದಾನ್ ನಗರದಲ್ಲಿ ಉಷ್ಣವಲಯದ ಕೃಷಿಗಾಗಿ ಅಂತಾರಾಷ್ಟ್ರೀಯ ಸಂಸ್ಥೆಯೊಂದಿದೆ. ಜಗತ್ತಿನ 80ಕ್ಕೂ ಹೆಚ್ಚು ದೇಶಗಳಿಂದ ತಂದ 15,000ಕ್ಕೂ ಮೀರಿದ ಅಲಸಂಡೆಯ ಮಾದರಿಗಳು ಅಲ್ಲಿನ ಬೀಜಭಂಡಾರದಲ್ಲಿವೆ. ಇದರಷ್ಟು ದೊಡ್ಡ ಅಲಸಂಡೆ ಭಂಡಾರ ಬೇರೆಲ್ಲಿಯೂ ಇಲ್ಲ. ಕಾಳಿಗೆ ಗುಗ್ಗುರು ಹಿಡಿಯದ ಜಾತಿ ಏನಾದರೂ ಇದೆಯೇ ಎಂದು 1970ರ ದಶಕದಲ್ಲಿ ಅವರು ಮಾದರಿಗಳನ್ನು ಸಾವಿರಗಟ್ಟಲೆ ಪರೀಕ್ಷಿಸಿದರು. ನೈಜೀರಿಯದ ಒಂದು ನಾಡಜಾತಿ ಮಾತ್ರ ತಡೆದು ನಿಂತಿತು. ಟಿವಿಯು 2027 ಎಂದು ಅದರ ನಂಬ್ರ. ಅದರೊಳಗೆ ಹೊಕ್ಕ ಹುಳ ಪೂರ್ತಿಯಾಗಿ ಸಾಯದಿದ್ದರೂ ಬೆಳೆಯಲು ಬಹಳ ಕಾಲ ಹಿಡಿಯಿತು, ಅನೇಕ ಹುಳಗಳು ಹೊರಗೆ ಬರಲೇ ಇಲ್ಲ. ಹಾಗೆಯೇ ಬೋಟ್ಸ್ವಾನ ದೇಶದ ಬಿ 301 ಎಂಬ ಒಂದು ನಾಡಜಾತಿ, ಪಶ್ಚಿಮ ಆಫ್ರಿಕದಲ್ಲಿ ಬೇರಿಗೆ ಬಾಯಿ ಹಾಕಿ ಬೆಳೆ ಹೀರುವ ಪರಾವಲಂಬಿ ಕಳೆಯನ್ನು ತಡೆಯುವುದೆಂದು ಕಂಡುಬಂದು, ಅದರಿಂದ ಎಷ್ಟೋ ಹೊಸ ತಳಿಗಳು ಹುಟ್ಟಿದುವು. ಅದನ್ನು ಬಿತ್ತುತ್ತ ಬಂದ ರೈತರಿಗೆ ಅದರ ಈ ಗುಣ ಇಷ್ಟು ದೂರದಲ್ಲಿ ಉಪಯೋಗಕ್ಕೆ ಬಂದೀತೆಂದು ಅಂದಾಜಿರಲಾರದು. ನಮ್ಮ ತುದಿಕೆಂಪಿನ ಅಲಸಂಡೆಯೊಳಗೆ ಯಾವ ಗುಣವಿತ್ತೋ, ಇನ್ನು ಯಾರೂ ನೋಡುವಂತಿಲ್ಲ.

ನಮ್ಮ ದೇಶದಲ್ಲಿಯೂ ಇಂಥ ಭಂಡಾರವಿದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆಯ ಭಂಡಾರದಲ್ಲಿ ಎಲ್ಲ ಬೆಳೆಗಳೂ ಸೇರಿ 4 ಲಕ್ಷಕ್ಕೂ ಮೀರಿ ಮಾದರಿಗಳಿವೆ; ತ್ರಿಶ್ಶೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಅಲ್ಯುಮಿನಿಯಂ ಪೊಟ್ಟಣದಲ್ಲಿ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿಡುತ್ತಾರೆ. ಹಾಗಿಟ್ಟರೆ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ಒಂದೇ ಕಡೆ ಇಟ್ಟರೆ ಅಪಾಯವೆಂದು ದೊಡ್ಡ ಭಂಡಾರಗಳವರು ತಮ್ಮ ಬೀಜದ ಇನ್ನೊಂದು ಪಾಲನ್ನು ಬೇರೆ ಕಡೆ ಇಡುವ ಪದ್ಧತಿಯೂ ಇದೆ. ಉತ್ತರಧ್ರುವದ ಹತ್ತಿರ ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಭಂಡಾರ ಇದಕ್ಕಾಗಿಯೇ ಆದುದು. ಸಿರಿಯ ದೇಶದ ಅಲೆಪ್ಪೊ ನಗರದ ಬಳಿಯಿದ್ದ ಬೀಜಭಂಡಾರವನ್ನು ಯುದ್ಧದ ದೆಸೆಯಿಂದ ಬಿಡಬೇಕಾಗಿ ಬಂದಾಗ, 2015ರಲ್ಲಿ ಅದರವರು ಸ್ವಾಲ್‌ಬಾರ್ಡಿನಲ್ಲಿಟ್ಟಿದ್ದ ಪಾಲನ್ನು ಹಿಂದಕ್ಕೆ ಪಡೆದು ಮತ್ತೆ ಬಿತ್ತಿ ಬೆಳೆಸಿದರು.

ಇಷ್ಟೆಲ್ಲ ಇರುವಾಗ ನಮಗೇನು ಕೆಲಸ ಎನ್ನಬಾರದು. ಭಂಡಾರಕ್ಕೆ ಸೇರಬೇಕಾದರೆ ಮೊದಲು ಯಾರಾದರೂ ಬಂದು ಸಂಗ್ರಹಿಸಬೇಕು. ಬಂದವರಿಗೆ ಬೀಜ ಸಿಗಬೇಕು, ಅದರ ಹೆಸರೂ ಸಿಗಬೇಕು. ಪ್ರತಿ ಮಾದರಿಯೊಡನೆ ಊರು, ನಾಡಹೆಸರು, ಬೆಳೆಯುವ ಕ್ರಮ ಇವುಗಳನ್ನು ದಾಖಲೆ ಮಾಡುವುದು ಅಲ್ಲಿಯ ನಿಯಮ. ಗಡಿಯವರಾದ ನಮ್ಮ ತೊಡಕಿರುವುದು ಇಲ್ಲಿಯೇ. ಕೇಳುವವರ ಭಾಷೆ ಒಂದು, ಬೀಜ ಇಟ್ಟ ಅಜ್ಜಿಯ ಭಾಷೆ ಇನ್ನೊಂದು. ಮನೆಯಲ್ಲಿ ನಾಲ್ಕು ಹೆಸರಿನಿಂದ ಕರೆಯುವ ನಾಲ್ಕು ಅಲಸಂಡೆಗಳು ಕಾಗದಕ್ಕೆ ಬರುವಾಗ ‘ಪಯರು’ ಎಂಬ ಒಂದೇ ಹೆಸರಿನೊಳಗೆ ಅಡಗಿಹೋಗುವುದು ಸುಲಭ. ಸೊಲ್ಲಾಪುರದ ಕಡೆಯವರಿಗೆ ಚವಳಿ ಎಂಬುದರಲ್ಲಿ, ಆದವಾನಿಯವರಿಗೆ ಬೊಬ್ಬರ್ಲು ಎಂಬುದರಲ್ಲಿ ಇದೇ ತೊಡಕು. ಇದರಲ್ಲಿ ಯಾರ ದ್ವೇಷವೂ ಇಲ್ಲ. ಹೇಳಬೇಕಾದವರು ನಾವು ಹೇಳಿಲ್ಲ ಅಷ್ಟೆ. ಇನ್ನೊಂದು ಮಾತು. ಶೀತದ ಕೋಣೆಯಲ್ಲಿಟ್ಟ ಬೀಜ ಇಟ್ಟಂತೆ ಇರುತ್ತದೆ. ಗದ್ದೆಯಲ್ಲಿರುವ ಬೀಜ ವರ್ಷವರ್ಷವೂ ಬದಲಾಗುವ ಮಳೆಗೂ ಹುಳಕ್ಕೂ ಒಗ್ಗಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಎರಡೂ ಬೇಕು.

ಈ ಕೆಲಸ ನಮ್ಮಂಥವರಿಂದ ಆಗತಕ್ಕದ್ದೇ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯ ಶ್ರೀ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಮೇಲ್ಪಟ್ಟ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದುದಕ್ಕಾಗಿ 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಎಕ್ರೆಗಟ್ಟಲೆ ಗದ್ದೆ ಇದ್ದು ಅವರು ಇದನ್ನು ಮಾಡಿದ್ದಲ್ಲ. ಒಂದೊಂದು ತಳಿಯ ಕೆಲವೇ ಸಸಿಗಳನ್ನು ಚೀಲಗಳಲ್ಲಿ ಬೆಳೆಸಿ ಬೀಜ ಹೊಸತು ಮಾಡಿಕೊಳ್ಳುವುದು ಅವರ ರೀತಿ. ಭತ್ತದಲ್ಲಿ ಒಬ್ಬರಿಂದ ಇಷ್ಟಾದರೆ ಅಲಸಂಡೆಯಲ್ಲಿ ಹತ್ತು ಮನೆ ಸೇರಿ ಹತ್ತು ತಳಿ ಉಳಿಸುವುದು ದೊಡ್ಡ ಮಾತಲ್ಲ.

ಹತ್ತು ಮನೆ ಸೇರುವುದು ಹೇಗೆಂಬುದನ್ನು ನಮ್ಮ ಹಾಗೆಯೇ ಗಡಿಯಲ್ಲಿರುವ ಇನ್ನೊಂದು ಸೀಮೆ ತೋರಿಸಿಕೊಟ್ಟಿದೆ. ಬೀದರದ ನೆರೆಯಲ್ಲಿ, ತೆಲಂಗಾಣದ ಪಡುವಣ ಅಂಚಿನಲ್ಲಿ ಜಹೀರಾಬಾದ್ ಎಂಬ ಊರಿದೆ. ಕನ್ನಡದ ಮಾತು ಅಲ್ಲಿಯೂ ಉಂಟು. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶರು ಮೈಸೂರಿನವರು. ಆದರೆ ಕೆಲಸ ಮಾಡಿದವರು ಹಳ್ಳಿಯ ಬಡ ಹೆಂಗಸರು, ಹೆಚ್ಚಿನವರು ದಲಿತರು, ಓದುಬರಹ ಇಲ್ಲದವರು. ಜೋಳದ ಸಾಲಿನ ನಡುವೆ ತೊಗರಿ, ಅಲಸಂದಿ, ಹೆಸರು ಹೀಗೆ ಹತ್ತಾರು ಕಾಳು ಬೆರೆಸಿ ಬಿತ್ತುವುದು ಆ ಮಳೆಯಾಸರೆಯ ಹೊಲಗಳ ಹಳೆಯ ಪದ್ಧತಿ. ಅದು ಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಈ ಹೆಂಗಸರು ಉಳಿದ ಬೀಜ ಹುಡುಕಿ ತಂದು, ಬೂದಿ ಬೇವಿನೆಲೆ ಬೆರೆಸಿ, ಬುಟ್ಟಿಗಳಲ್ಲಿ ತುಂಬಿ ಮಣ್ಣು ಸಾರಿಸಿ ಇಟ್ಟರು. ಬೇಕಾದವರು ಬೀಜ ಸಾಲ ಒಯ್ಯಬೇಕು, ಬೆಳೆ ಬಂದ ಮೇಲೆ ಒಯ್ದುದಕ್ಕಿಂತ ಹೆಚ್ಚು ಅಳೆದು ಕೊಡಬೇಕು, ಹಣದ ಮಾತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಬೀಜಗಳನ್ನು ಎತ್ತಿನ ಗಾಡಿಗಳಲ್ಲಿ ಅಲಂಕರಿಸಿ ಊರಿಂದೂರಿಗೆ ಒಯ್ಯುವ ಜಾತ್ರೆಯನ್ನೂ ಅವರು ನಡೆಸಿದ್ದಾರೆ. 2019ರಲ್ಲಿ ವಿಶ್ವಸಂಸ್ಥೆಯ ‘ಈಕ್ವೇಟರ್’ ಪ್ರಶಸ್ತಿ ಈ ಸಂಸ್ಥೆಗೆ ದೊರೆಯಿತು.

ಬೀಜ ಉಳಿಸುವ ಕೆಲಸ ಕಲಿಯುವವರಿಗೆ ಅಲಸಂಡೆಗಿಂತ ಸುಲಭದ ಗುರು ಬೇರಿಲ್ಲ. ಸೌತೆ, ಸೋರೆ ಇವು ಜೇನುನೊಣದ ದೆಸೆಯಿಂದ ದೂರದ ಜಾತಿಯೊಡನೆಯೂ ಬೆರೆಯುತ್ತವೆ. ಅಲಸಂಡೆಯ ಹೂವಾದರೋ ಬೆಳಗ್ಗೆ ಅರಳುವ ಮೊದಲೇ ತನ್ನೊಳಗೆ ಪರಾಗ ಉದುರಿಸಿಕೊಂಡಿರುತ್ತದೆ. ಮಧ್ಯಾಹ್ನದೊಳಗೆ ಮುಚ್ಚಿಯೂ ಹೋಗುತ್ತದೆ. ಬೆರಕೆಯಾಗುವುದು ಅಪರೂಪ. ಸರಕಾರದ ಬೀಜ ಪ್ರಮಾಣೀಕರಣದಲ್ಲಿಯೂ ಮೂಲಬೀಜದ ಅಲಸಂಡೆಗೆ ಕೇಳುವ ಅಂತರ 10 ಮೀಟರು ಮಾತ್ರ. ಮನೆಯ ಮೂಡುಬದಿಯ ಚಪ್ಪರದಲ್ಲಿ ಒಂದು, ಪಡುಬದಿಯಲ್ಲಿ ಇನ್ನೊಂದು ಜಾತಿ ಹಬ್ಬಿಸಿದರೆ ಸಾಕು.

ಬೀಜಕ್ಕೆಂದು ಬಿಡುವ ಬಳ್ಳಿಯನ್ನು ಮೊದಲೇ ಗುರುತಿಸಿ ಒಂದು ನೂಲು ಕಟ್ಟಿರಿ. ನಮ್ಮವರಲ್ಲಿ ಪಲ್ಯಕ್ಕೆ ಒಳ್ಳೆಯದನ್ನೆಲ್ಲ ಕೊಯ್ದು, ಕೊನೆಗೆ ಉಳಿದ ಸೊಟ್ಟ ಕೋಡನ್ನು ಬೀಜಕ್ಕೆ ಬಿಡುವ ಚಾಳಿಯಿದೆ. ತಳಿ ಕೆಡುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ನಮಗೆ ಕಾಣದು. ಎಲೆ ಮುರುಟಿಕೊಂಡು ಹಳದಿ ಹಸಿರು ಮಚ್ಚೆ ಬಿದ್ದ ಬಳ್ಳಿಯನ್ನು ಕಂಡಕೂಡಲೇ ಕಿತ್ತು ಸುಡಬೇಕು. ಆ ನಂಜುರೋಗ ಬೀಜದೊಳಗೂ ಸೇರಿ ಮರುವರ್ಷ ಮೊಳಕೆಯೊಡನೆ ಬರುತ್ತದೆ. ಒಂದೇ ಬಳ್ಳಿಯಿಂದ ಎಲ್ಲ ಬೀಜ ತೆಗೆಯದೆ, ಇಪ್ಪತ್ತು ಮೂವತ್ತು ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ತೆಗೆದರೆ ತಳಿಯ ಸತ್ವ ಉಳಿಯುತ್ತದೆ.

ಇನ್ನು ದೊಡ್ಡ ಶತ್ರುವಾದ ಗುಗ್ಗುರಿನ ವಿಚಾರ. ಅದು ಡಬ್ಬಿಯಲ್ಲಿ ಹುಟ್ಟುವುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಗದ್ದೆಯಲ್ಲಿ ಕೋಡು ಬಲಿಯುವಾಗಲೇ ದುಂಬಿ ಬಂದು ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಮರಿ ಕಾಳಿನೊಳಗೆ ಕೊರೆದು ಹೊಕ್ಕು, ಅಲ್ಲಿಯೇ ಬೆಳೆದು, ಸುಮಾರು ಒಂದು ತಿಂಗಳಿಗೆ ಹೊಸ ದುಂಬಿಯಾಗಿ ತೂತು ಮಾಡಿ ಹೊರಡುತ್ತದೆ. ಹೊರಟದ್ದು ಕಾಳು ತಿನ್ನುವುದಿಲ್ಲ, ಮತ್ತೆ ಮೊಟ್ಟೆಯಿಡುತ್ತದೆ. ಹೀಗೆ ಮೂರು ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಡಬ್ಬಿಯಲ್ಲಿ ಹಿಟ್ಟು ಮಾತ್ರ. ಕೋಡು ಒಣಗಿದ ಮೇಲೆ ಬಳ್ಳಿಯಲ್ಲೇ ಬಿಡದೆ ಬೇಗ ಕೊಯ್ದರೆ ಅರ್ಧ ಉಪದ್ರವ ತಪ್ಪಿತು.

ಒಣಗಿಸುವುದು ಅತಿ ಮುಖ್ಯ. ಬೀಜದ ತೇವ ನೂರಕ್ಕೆ ಒಂದು ಪಾಲು ಕಡಮೆಯಾದರೆ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುವುದೆಂದು ಬೀಜಶಾಸ್ತ್ರದ ಒಂದು ಲೆಕ್ಕವಿದೆ. ಅಲಸಂಡೆ ಬೀಜಕ್ಕೆ ನೂರರಲ್ಲಿ 9 ಪಾಲಿಗಿಂತ ಹೆಚ್ಚು ತೇವ ಇರಕೂಡದು. ಅಳೆಯುವ ಯಂತ್ರವಿಲ್ಲದವರು ಹಲ್ಲಿನಲ್ಲಿ ಕಚ್ಚಿ ನೋಡಲಿ. ಹಲ್ಲು ಊರಿದರೆ ಇನ್ನೂ ಒಣಗಬೇಕು, ಟಕ್ಕನೆ ಒಡೆದರೆ ಸರಿ. ಸಿಮೆಂಟಿನ ಅಂಗಳದ ನಡುಮಧ್ಯಾಹ್ನದ ಕಾವಿಗೆ ಹಾಕದೆ, ಚಾಪೆಯ ಮೇಲೆ ಬೆಳಗಿನ ಮತ್ತು ಸಂಜೆಯ ಬಿಸಿಲಿಗೆ ಹಾಕಬೇಕು. ಪತ್ತನಾಜೆಯ ಒಳಗೆ ಈ ಕೆಲಸ ಮುಗಿಯತಕ್ಕದ್ದು. ಮಳೆ ಹಿಡಿದ ಮೇಲೆ ನಮ್ಮ ಕರಾವಳಿಯ ಗಾಳಿಯಲ್ಲಿ ಒಣಗಿದ ಬೀಜವೂ ತೇವ ಎಳೆದುಕೊಳ್ಳುತ್ತದೆ.

ಒಣಗಿ ತಣಿದ ಬೀಜವನ್ನು ಅದರಷ್ಟೇ ಅಳತೆಯ ಒಣ ಬೂದಿಯೊಡನೆ ಬೆರೆಸಿ, ಗಾಜಿನ ಭರಣಿಯ ಬಾಯಿಯ ತನಕ ತುಂಬಿ, ಮುಚ್ಚಳದ ಸುತ್ತ ಮೇಣ ಹಚ್ಚಿರಿ. ಒಳಗೆ ಗಾಳಿ ಕಡಮೆಯಾದಷ್ಟೂ ಹುಳಕ್ಕೆ ಉಸಿರು ಕಟ್ಟುತ್ತದೆ. 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಕ್ಯಾಮರೂನ್ ದೇಶದ ರೈತರ ಅಲಸಂಡೆಗಾಗಿ ಇದೇ ತತ್ವದ ಮೂರು ಪದರದ ಚೀಲವನ್ನು ರೂಪಿಸಿದರು. ವಿಷದ ಮದ್ದು ಹಾಕದೆ ಕಾಳು ಉಳಿಯಿತು. ಆ ಮನೆಯ ಪ್ಲಾಸ್ಟಿಕ್ ಡಬ್ಬಿ ಅರ್ಧ ಖಾಲಿಯಾಗಿತ್ತು, ದಿನಕ್ಕೊಮ್ಮೆ ತೆರೆಯುತ್ತಲೂ ಇದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಫ್ರಿಜ್ ಇದ್ದವರು ಭರಣಿಯನ್ನು ಅದರಲ್ಲಿಟ್ಟರೆ ಇನ್ನೂ ಉತ್ತಮ. ಹೊರಗೆ ತೆಗೆದ ಕೂಡಲೇ ಮಾತ್ರ ಮುಚ್ಚಳ ತೆರೆಯಬಾರದು, ಬೆವರು ಹಿಡಿಯುತ್ತದೆ. ಅರ್ಧ ದಿನ ಹೊರಗಿಟ್ಟು ಆಮೇಲೆ ತೆರೆಯಿರಿ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಟ್ಟು, 75ಕ್ಕಿಂತ ಕಡಮೆ ಮೊಳೆತರೆ ಆ ತಳಿಯನ್ನು ಆ ವರ್ಷವೇ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು.

ಊರಿನ ವಾಚನಾಲಯವೋ ಶಾಲೆಯೋ ಮಹಿಳಾ ಸಂಘವೋ ಒಂದು ಕಪಾಟು ಕೊಟ್ಟರೆ ಬೀಜದ ಪೆಟ್ಟಿಗೆ ಆಯಿತು. ಒಂದೊಂದು ತಳಿಯೂ ಕಡಮೆಯೆಂದರೆ ಮೂರು ಮನೆಗಳ ಚಪ್ಪರದಲ್ಲಿರಬೇಕು, ಒಂದು ಪಾಲು ಕಪಾಟಿನಲ್ಲಿರಬೇಕು. ಒಂದು ಸೇರು ಒಯ್ದವರು ಎರಡು ಸೇರು ತಂದುಹಾಕಲಿ. ಕಾನೂನಿನ ಭಯ ಯಾರಿಗೂ ಬೇಡ. 2001ರ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಶಾಸನದ 39ನೆಯ ವಿಧಿಯಂತೆ ರೈತನು ತನ್ನ ಬೀಜವನ್ನು ಉಳಿಸಲು, ಮತ್ತೆ ಬಿತ್ತಲು, ಹಂಚಲು, ಬದಲಿಗೆ ಕೊಡಲು, ಮಾರಲು ಕೂಡ ಹಕ್ಕುಳ್ಳವನು; ಪೊಟ್ಟಣ ಕಟ್ಟಿ ತಳಿಯ ಮುದ್ರೆ ಹಾಕಿ ಮಾರಕೂಡದು, ಅಷ್ಟೆ. ನಾಡತಳಿಯನ್ನು ರೈತರ ಹೆಸರಿನಲ್ಲಿ ನೋಂದಾಯಿಸುವುದಕ್ಕೂ ಅದೇ ಶಾಸನದಲ್ಲಿ ಅವಕಾಶವಿದೆ.

ಕಪಾಟಿನೊಡನೆ ಒಂದು ದಪ್ಪ ಪುಸ್ತಕವೂ ಇರಲಿ, ಕನ್ನಡದಲ್ಲಿ. ತಳಿಯ ಹೆಸರು, ನೆರೆಭಾಷೆಯಲ್ಲಿ ಹೇಳುವ ಹೆಸರು, ಯಾವ ಮನೆಯಿಂದ ಬಂತು, ಆ ಮನೆಗೆ ಯಾವ ತವರಿನಿಂದ ಬಂದಿತ್ತು, ಯಾವ ತಿಂಗಳಲ್ಲಿ ಊರಬೇಕು, ಎಷ್ಟು ದಿನಕ್ಕೆ ಕೋಡು, ಕೋಡಿನ ಬಣ್ಣ ಉದ್ದ, ಕಾಳಿನ ಬಣ್ಣ, ಯಾವ ಅಡಿಗೆಗೆ ಹೇಳಿದ್ದು ಇಷ್ಟನ್ನು ಬರೆಯಬೇಕು. ಪುಸ್ತಕದ ಪ್ರತಿಯೊಂದನ್ನು ಕೃಷಿಭವನಕ್ಕೂ ಕೊಟ್ಟಿರಿ. ಸಂಗ್ರಹಕ್ಕೆ ಬಂದವರಿಗೆ ಹೇಳಲು ಅವರಿಗೂ ಅನುಕೂಲ. ಮನೆಗಳಿಗೆ ಹೋಗಿ ಕೇಳುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಒಪ್ಪಿಸಬಹುದು, ಅಜ್ಜಿಯಂದಿರು ಮಕ್ಕಳೊಡನೆ ಹೆಚ್ಚು ಮಾತಾಡುತ್ತಾರೆ. ತಳಿಗೆ ಹೆಸರೇ ಇಲ್ಲವೆಂದು ಯಾರಾದರೂ ಹೇಳಿದರೆ ಆ ಜಾಗವನ್ನು ಖಾಲಿ ಬಿಡುವುದು ಬೇಡ; ಇಂಥ ಮನೆಯ ಅಲಸಂಡೆ ಎಂದೇ ಬರೆದುಕೊಳ್ಳಲಿ.